ಲೆಗಿ ತಪ್ಪಿಸಿಕೊಂಡ ಮಧ್ಯಾಹ್ನ

ನನ್ನ ತಮ್ಮನ ಹೆಂಡತಿ ಸುರ್ತಿಯಾಳಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಗಲ್ಲಿಯವರೆಲ್ಲ ಹೇಳುತ್ತಾರೆ. ಹೇಳಲಿ. ಅವಳ ಜಾಗದಲ್ಲಿ ಇವರಲ್ಲಿ ಯಾರೇ ಇದ್ದಿದ್ದರೂ ಕೋಪ ಮೂಗಿನಲ್ಲಿ ನಿಲ್ಲುತ್ತಿರಲಿಲ್ಲ, ಕೈಗೆ ಇಳಿದಿರುತ್ತಿತ್ತು. ಜಾವಾದ ಸೋಲೋ ಊರಿನ ಈ ಗಲ್ಲಿಯಲ್ಲಿ ಎರಡು ಬೈಕು ಎದುರುಬದುರು ಬಂದರೆ ಒಂದು ಹಿಂದಕ್ಕೆ ಸರಿಯಬೇಕು. ಆದರೆ ಇನ್ನೊಬ್ಬರ ಮನೆಯ ಮಾತಿಗೆ ಎಷ್ಟು ಬೇಕಾದರೂ ಜಾಗವಿದೆ.

ಸುರ್ತಿಯಾ ಬಾಟಿಕ್ ಬಟ್ಟೆಯ ಮೇಲೆ ಬಿಸಿ ಮೇಣದಿಂದ ಚಿತ್ತಾರ ಬರೆಯುವವಳು. ಕೈ ಎಷ್ಟು ನಿಧಾನವೋ ಬಾಯಿ ಅಷ್ಟೇ ಜೋರು. ಮೇಣದ ಕೊಳವೆಯನ್ನು ಊದಿ ಊದಿ ಎಲೆಯ ನರ ಬಿಡಿಸುತ್ತ ಕೂತಿರುವಾಗ ಪಕ್ಕದವಳು ಬೆಂಚು ಅಲುಗಿಸಿದರೆ ಸಾಕು, ತಲೆ ಎತ್ತದೆಯೇ ಅವಳ ಜನ್ಮ ಜಾಲಾಡಿಬಿಡುತ್ತಾಳೆ. ಗೆರೆ ಮಾತ್ರ ಕೂದಲಷ್ಟೂ ಕೊಂಕುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲೇ ನನ್ನ ಮೇಲೆ ಜಗಳಕ್ಕೆ ಬಂದಳು. ಮನೆಯ ಜಗುಲಿಯಲ್ಲಿ ನಾನು ಸೋಯಾ ಕಾಳಿನ ಟೆಂಪೆ, ಬಾಳೆಕಾಯಿ ಕರಿದು ಮಾರುತ್ತೇನೆ. ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿಯುತ್ತೀರಿ, ಜನ ಸಾಯುವುದಿಲ್ಲವೇ ಎಂದು ಕೇಳಿದಳು. ಅವಳು ಹೇಳಿದ್ದು ನಿಜವಾಗಿತ್ತು, ಅದಕ್ಕೇ ನನಗೆ ಉರಿದುಹೋಯಿತು. ಆಮೇಲೆ ಎಣ್ಣೆ ಬದಲಾಯಿಸಿದೆ. ನಾವಿಬ್ಬರೂ ಚೆನ್ನಾಗಿಯೇ ಇದ್ದೇವೆ.

ಹಾವು ಅವಳದಲ್ಲ, ನನ್ನ ತಮ್ಮ ತ್ರಿಯೋನೋನದು. ಹೆದರಿದರೆ ತಲೆಯನ್ನು ಒಳಗಿಟ್ಟು ಉಂಡೆಯಾಗಿ ಕೂರುವ ಸಣ್ಣ ಜಾತಿಯ ಹೆಬ್ಬಾವು. ಹೆಸರು ಲೆಗಿ, ಅಂದರೆ ಸಿಹಿ. ನೋಡಿ ನನ್ನ ತಮ್ಮನ ಬುದ್ಧಿ! ಲಾರಿ ಓಡಿಸುವ ಇವನು ಭಾನುವಾರ ಮನೆಯಲ್ಲಿದ್ದರೆ ಅದನ್ನು ಕೊರಳಿಗೆ ಹಾಕಿಕೊಂಡು, ಅವತ್ತು ವಾಹನ ಬಿಡದ ದೊಡ್ಡ ರಸ್ತೆಗೆ ಹೋಗಿ, ತನ್ನಂಥವರೇ ನಾಲ್ಕು ಮಂದಿಯ ಜೊತೆ ನಿಲ್ಲುತ್ತಾನೆ. ಹೋಗಿಬರುವವರ ಮಕ್ಕಳಿಗೆ ಮುಟ್ಟಿಸುತ್ತಾನೆ. ಸುರ್ತಿಯಾಳಿಗೆ ಆ ಪ್ರಾಣಿಯನ್ನು ಕಂಡರೆ ಆಗದು. ಆದರೂ ಗಂಡ ಊರಲ್ಲಿಲ್ಲದಾಗ ಪೆಟ್ಟಿಗೆ ತೊಳೆಯುವವಳು, ನೀರಿಡುವವಳು, ಇಲಿ ತಂದು ಹಾಕುವವಳು ಅವಳೇ. ಬೈದುಕೊಂಡೇ ಮಾಡುತ್ತಾಳೆ.

ಈಗ ಗಲ್ಲಿಯ ಮಾತಿಗೆ ಬರುತ್ತೇನೆ. ಸುರ್ತಿಯಾಳಿಗೆ ಎರಡು ಸಲ ಬಸಿರು ನಿಂತು ಎರಡೂ ಸಲ ಇಳಿದುಹೋಯಿತು. ಎರಡನೆಯದು ಇಳಿದ ತಿಂಗಳಲ್ಲೇ ತ್ರಿಯೋನೋ ಯಾರೋ ಬಳಸಿ ಬಿಟ್ಟ ಬೈಕೊಂದನ್ನು ತಂದ. ಅಷ್ಟೇ ಸಾಕಾಯಿತು. ಎದುರುಮನೆಯ ಬು ಮರ್ತೋ, ಅಂದರೆ ಮರ್ತೋನ ಹೆಂಡತಿ, ಗಲ್ಲಿಗೆಲ್ಲ ಹಿರಿಯಳು, ನನ್ನ ಜಗುಲಿಯಲ್ಲೇ ಕೂತು ನನ್ನದೇ ಟೆಂಪೆ ತಿನ್ನುತ್ತ ಶುರುಮಾಡಿದಳು. ಐಶ್ವರ್ಯಕ್ಕಾಗಿ ಹಾವು ಸಾಕುವವರು ಇದ್ದಾರೆ, ಅಂಥ ಹಾವು ಮನೆಯ ಕೂಸುಗಳನ್ನೇ ಕೇಳುತ್ತದೆ, ಹೊಟ್ಟೆಯಲ್ಲಿದ್ದರೂ ಬಿಡುವುದಿಲ್ಲ ಎಂದು. ಐಶ್ವರ್ಯವಂತೆ ಐಶ್ವರ್ಯ! ಮಳೆ ಬಂದರೆ ನಮ್ಮ ಅಡುಗೆಮನೆಯಲ್ಲಿ ಬಕೆಟ್ಟು ಇಡಲು ಜಾಗ ಸಾಲದು. ಆದರೆ ಮಾತು ಹಬ್ಬಿತು. ಸುರ್ತಿಯಾ ಎದುರಾದರೆ ಬಸುರಿಯರು ಕೈಯಿಂದ ಹೊಟ್ಟೆ ಮುಚ್ಚಿಕೊಳ್ಳುವಷ್ಟು ಹಬ್ಬಿತು. ಎಲ್ಲದಕ್ಕೂ ಬಾಯಿ ಮಾಡುವ ಹೆಂಗಸು ಇದೊಂದಕ್ಕೆ ಮಾತ್ರ ಏನೂ ಹೇಳಲಿಲ್ಲ.

ಮೂರನೆಯ ಸಲ ಬಸಿರು ನಿಂತಾಗ ಅವಳು ನನಗೂ ಗಂಡನಿಗೂ ಬಿಟ್ಟು ಯಾರಿಗೂ ಹೇಳಲಿಲ್ಲ. ನಾಲ್ಕು ತಿಂಗಳು ತುಂಬುವವರೆಗೆ ಬಾಯಿ ಬಿಡಬೇಡಿ ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಮನೆಯಲ್ಲಿ ಜಿರಳೆಯನ್ನೂ ಹೊಡೆಯಲು ಬಿಡುತ್ತಿರಲಿಲ್ಲ. ಜಾವಾದ ನಮ್ಮಲ್ಲಿ ಬಸುರಿ ಇರುವ ಮನೆಯಲ್ಲಿ ಯಾವ ಜೀವವನ್ನೂ ಕೊಲ್ಲಬಾರದು. ಕೊಂದರೆ ಹೊಟ್ಟೆಯ ಕೂಸಿಗೆ ತಟ್ಟುತ್ತದೆ. ಮೊದಲೆಲ್ಲ ಇದನ್ನು ಕೇಳಿ ನಗುತ್ತಿದ್ದವಳು ಎರಡು ಕಳೆದುಕೊಂಡ ಮೇಲೆ ನಗುವುದನ್ನು ಬಿಟ್ಟಿದ್ದಳು. ಹಾವು ಹಸಿದು ಸತ್ತರೂ ಜೀವ ಹೋದಂತೆಯೇ, ಹಾಗಾಗಿ ಲೆಗಿಗೆ ಇಲಿ ಹಾಕುವ ಕೆಲಸವೂ ಆಗ ನನ್ನ ತಲೆಗೆ ಬಂತು. ನಾನು ಕಣ್ಣು ಮುಚ್ಚಿ ಪೆಟ್ಟಿಗೆಯೊಳಕ್ಕೆ ಬಿಟ್ಟರೆ ಅದು ಮೂಸಿಯೂ ನೋಡುತ್ತಿರಲಿಲ್ಲ. ಒಂದು ತಿಂಗಳಿಗೂ ಮೇಲಾಗಿ ಅದರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಆ ದಿನ ಮಧ್ಯಾಹ್ನ ಸುರ್ತಿಯಾ ಕೆಲಸದಿಂದ ಬೇಗ ಬಂದು ಒಳಗೆ ಹೋದಳು. ಮರುಗಳಿಗೆಯಲ್ಲೇ ಅವಳ ಕೂಗು ಕೇಳಿಸಿತು. ತ್ರಿಯೋನೋ ಬೆಳಿಗ್ಗೆ ಪೆಟ್ಟಿಗೆಯ ಚಿಲಕ ಹಾಕದೆ ಲಾರಿ ಹತ್ತಿ ಸೆಮರಾಂಗ್ ಪಟ್ಟಣಕ್ಕೆ ಹೋಗಿದ್ದ. ಅವಳು ಫೋನಿನಲ್ಲಿ ಅವನನ್ನು ಹಿಡಿದಿದ್ದಳು.

"ಹೋಯ್ತು ಕಣೋ ನಿನ್ ಮಹಾರಾಣಿ! ಪೆಟ್ಟಿಗೆ ಖಾಲಿ! ಒಂದ್ ಚಿಲ್ಕ ಹಾಕಕ್ ಬರಲ್ವಾ ನಿಂಗೆ? ಲಾರಿ ಬಾಗ್ಲನ್ನೂ ಹಿಂಗೇ ಬಿಟ್ಕೊಂಡ್ ಓಡಿಸ್ತೀಯಾ?"

ಅವಳ ಗಂಟಲಿಗೆ ಗೋಡೆ ಒಂದು ಲೆಕ್ಕವೇ? ಜಗುಲಿಯಲ್ಲಿ ಟೆಂಪೆ ಕಚ್ಚುತ್ತಿದ್ದ ಬು ಮರ್ತೋ ಅರ್ಧಕ್ಕೇ ಬಿಟ್ಟು ಎದ್ದಳು. ಆ ವಯಸ್ಸಿನಲ್ಲಿ ಅಷ್ಟು ಚುರುಕಾಗಿ ಅವಳು ಎದ್ದದ್ದನ್ನು ನಾನು ಕಂಡಿಲ್ಲ. ನಾನು ಬಾಣಲೆ ಇಳಿಸುವಷ್ಟರಲ್ಲಿ ಗಲ್ಲಿಯಲ್ಲೆಲ್ಲ ಸುದ್ದಿಯಾಗಿ, ಅವಳ ಗಂಡ ಮರ್ತೋ ಗುದ್ದಲಿ ಹಿಡಿದು ಬಂದ. ಗಲ್ಲಿಯ ಮುಖ್ಯಸ್ಥ ಜಯಾದಿ ಬಿದಿರಿನ ದೊಣ್ಣೆ ತಂದ. ಹಿಂದೆ ಒಂದು ಹಿಂಡು. ಉಪ್ಪು ಕಂಡರೆ ಹಾವು ದಾಟುವುದಿಲ್ಲ ಎಂದು ಯಾರೋ ನನ್ನ ಉಪ್ಪಿನ ಡಬ್ಬವನ್ನೇ ಎತ್ತಿ ಹೊಸ್ತಿಲಿಗೂ ಕಿಟಕಿಗೂ ಸುರಿದರು. ಕೇಳುವ ಸೌಜನ್ಯವೂ ಇಲ್ಲ.

"ನಮ್ ಡಬ್ಬ ಕೆಳಗಿಡ್ರೋ! ಹಾವು ಒಳಗಿದೆ, ಒಳಗಡೆಯೇ ಇರ್ಲಿ ಅಂತ ಉಪ್ಪು ಸುರೀತಿದೀರಲ್ಲ, ತಲೆ ನೆಟ್ಟಗಿದ್ಯಾ ನಿಮ್ಗೆ?" ಎಂದೆ.

"ಒಳಗೇ ಇದ್ರೆ ಹೊಡಿಯೋದು ಸುಲಭ ಅಲ್ವಾ ತಾಯಿ?" ಎಂದ ಜಯಾದಿ.

ಅಷ್ಟು ಹೊತ್ತಿಗೆ ಸುರ್ತಿಯಾ ಬಾಗಿಲಿಗೆ ಬಂದಿದ್ದಳು. ಎರಡು ಕೈಗಳನ್ನೂ ಚೌಕಟ್ಟಿಗೆ ಕೊಟ್ಟು ನಿಂತಳು. ಮುಖ ಬಿಳುಚಿಕೊಂಡಿತ್ತು. ಅವಳು ಹಾವಿಗಾಗಿ ಹೆದರಿದ್ದಲ್ಲ ಎಂದು ನನಗೊಬ್ಬಳಿಗೇ ಗೊತ್ತಿತ್ತು.

"ಯಾರೂ ಒಳಗ್ ಬರ್ಬೇಡಿ. ನಾನೇ ಹುಡುಕ್ತೀನಿ. ಈ ಮನೇಲಿ ಯಾವ ಜೀವಾನೂ ಸಾಯ್ಬಾರ್ದು."

"ಆ ಕಡೆ ಸರಿಯಮ್ಮ ನೀನು," ಎಂದ ಮರ್ತೋ. "ಮಕ್ಳು ಮರಿ ಇರೋ ಗಲ್ಲಿ ಇದು."

"ನಿಮ್ ಮೊಮ್ಮಕ್ಳನ್ನ ಭಾನುವಾರ ನನ್ ಗಂಡನ ಹತ್ರ ಫೋಟೋ ತೆಗೆಸಕ್ಕೆ ಕಳಿಸ್ದೋರು ಯಾರು? ಆಗ ಇರ್ಲಿಲ್ವಾ ಗಲ್ಲಿ?"

ಮರ್ತೋ ಗುದ್ದಲಿಯನ್ನು ಇನ್ನೊಂದು ಕೈಗೆ ಬದಲಾಯಿಸಿದ. ಉತ್ತರ ಕೊಟ್ಟದ್ದು ಅವನ ಹೆಂಡತಿ. ಜನರ ನಡುವಿನಿಂದ, ಎಲ್ಲರಿಗೂ ಕೇಳುವ ಹಾಗೆ, ಹೇಳಿಯೇಬಿಟ್ಟಳು.

"ನೋಡಿದ್ರಾ ಕಾವಲು? ಎರಡು ಕೊಟ್ಟಿದ್ದಾಯ್ತಲ್ಲ, ಇನ್ನೂ ಸಾಲ್ದಂತಾ ಅದಕ್ಕೆ?"

ಇಷ್ಟು ವರ್ಷ ಬೆನ್ನ ಹಿಂದೆ ಓಡಾಡಿದ ಮಾತು ಮೊದಲ ಸಲ ಮುಖಕ್ಕೆ ಬಂದು ಬಡಿಯಿತು. ನನ್ನ ಕೈಯಲ್ಲಿ ಜಾಲರಿ ಸೌಟು ಇತ್ತು. ಮುದುಕಿಯೆಂದು ನೋಡದೆ ಬೀಸಿಬಿಡುತ್ತಿದ್ದೆನೋ ಏನೋ, ಅಷ್ಟರಲ್ಲಿ ಸುರ್ತಿಯಾ ಮಾತಾಡಿದಳು. ಕೂಗಲಿಲ್ಲ. ಅವಳು ಕೂಗದೆ ಮಾತಾಡಿದ್ದನ್ನು ಗಲ್ಲಿ ಅವತ್ತೇ ಕೇಳಿದ್ದು.

"ನಾನು ಬಸುರಿ. ನಾಲ್ಕು ತಿಂಗ್ಳು ಇನ್ನೂ ತುಂಬಿಲ್ಲ. ಈಗ ಬನ್ನಿ ಮರ್ತೋ ಮಾವ, ಒಳಗ್ ಬಂದು ಹೊಡೀರಿ. ಈ ಕೂಸಿಗೆ ಏನಾದ್ರೂ ಆದ್ರೆ ಹಾವು ತಿಂತು ಅಂತ ನಿಮ್ ಹೆಂಡ್ತಿ ಹೇಳ್ತಾರೆ. ಯಾರ್ ಕೊಂದ್ರು ಅಂತ ನಾನು ಹೇಳ್ತೀನಿ."

ಹೆಂಗಸರೆಲ್ಲ ತಮ್ಮ ತಮ್ಮ ಹೊಟ್ಟೆ ಸವರಿಕೊಂಡು, ಕೂಸಿಗೆ ತಟ್ಟದಿರಲಿ, ಕೂಸಿಗೆ ತಟ್ಟದಿರಲಿ ಎಂದು ಗೊಣಗಿದರು. ಜಯಾದಿ ದೊಣ್ಣೆಯನ್ನು ಗೋಡೆಗೆ ಒರಗಿಸಿದ. ಮರ್ತೋ ಗುದ್ದಲಿಯನ್ನು ನೆಲಕ್ಕೆ ಹಾಕಿ ಅದರಿಂದ ದೂರ ಸರಿದು ನಿಂತ. ಬಸುರಿಯ ಮನೆಗೆ ಆಯುಧ ಹಿಡಿದು ಬಂದವನೆಂಬ ಹೆಸರು ಯಾರಿಗೆ ಬೇಕು?

ನಾವಿಬ್ಬರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆವು. ಫೋನು ಇನ್ನೂ ಚಾಪೆಯ ಮೇಲೆ ಬಿದ್ದಿತ್ತು, ತ್ರಿಯೋನೋ ಆ ಕಡೆಯಿಂದ ಅರಚುತ್ತಲೇ ಇದ್ದ. "ಬೆಚ್ಚಗಿರೋ ಕಡೆ ನೋಡ್ರಿ! ಅದಕ್ಕೆ ಶಾಖ ಬೇಕು, ಶಾಖ!" ಬಟ್ಟೆಯ ರಾಶಿ ನೋಡಿದೆವು, ಟಿವಿಯ ಹಿಂದೆ ನೋಡಿದೆವು, ಫ್ರಿಜ್ಜಿನ ಬೆನ್ನ ಹಿಂದೆ ಟಾರ್ಚು ಬಿಟ್ಟೆವು. ಕೆಟ್ಟುಹೋಗಿ ಎಷ್ಟೋ ಕಾಲವಾದ ಫ್ರಿಜ್ಜು, ಅದರಲ್ಲೆಲ್ಲಿಯ ಶಾಖ? ಸುರ್ತಿಯಾ ಗಂಡನನ್ನು ಬೈಯುತ್ತಲೇ ಹುಡುಕಿದಳು, ಕಣ್ಣಿಂದ ನೀರು ಸುರಿಯುತ್ತಲೇ ಇತ್ತು. ಒರೆಸಿಕೊಳ್ಳಲೂ ಇಲ್ಲ.

ನನಗೆ ಹೊಳೆಯಿತು. ನಮ್ಮ ಮನೆಯಲ್ಲಿ ಇಡೀ ದಿನ ಬಿಸಿಯಾಗಿರುವುದು ಒಂದೇ. ಬೆಳಿಗ್ಗೆ ಅನ್ನ ಮಾಡಿ ರಾತ್ರಿಯವರೆಗೂ ಆರಿಸದೆ ಬಿಡುವ ಕರೆಂಟಿನ ಕುಕ್ಕರು. ಅದನ್ನು ಮುಂದಕ್ಕೆ ಎಳೆದೆ. ಗೋಡೆಗೂ ಅದಕ್ಕೂ ನಡುವೆ, ವೈರಿನ ಸುರುಳಿಯ ಜೊತೆ ಇನ್ನೊಂದು ಸುರುಳಿಯಾಗಿ, ತಲೆ ಬಚ್ಚಿಟ್ಟುಕೊಂಡು ಲೆಗಿ ಮಲಗಿತ್ತು. ಹೊರಗೆ ಇಷ್ಟೆಲ್ಲ ರಂಪವಾಗಿದ್ದು ಅದಕ್ಕೆ ಗೊತ್ತೇ ಇಲ್ಲ.

ಸುರ್ತಿಯಾ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಪೆಟ್ಟಿಗೆಗೆ ಹಾಕುತ್ತಾಳೆಂದು ನಾನು ಮುಚ್ಚಳ ತೆಗೆದು ಹಿಡಿದರೆ, ಅವಳು ಸೀದಾ ಬಾಗಿಲು ತೆರೆದು ಗಲ್ಲಿಗೆ ನಡೆದಳು. ಜನ ಎರಡೂ ಗೋಡೆಗೆ ಅಂಟಿಕೊಂಡರು. ಬು ಮರ್ತೋಳಿಗೆ ಮಾತ್ರ ಹಿಂದೆ ಹೋಗಲು ಜಾಗವಿರಲಿಲ್ಲ, ಬೆನ್ನಿಗೆ ಅವಳ ಮನೆಯ ಗೇಟು.

"ಮುಟ್ಟಿ," ಎಂದಳು ಸುರ್ತಿಯಾ.

"ಬೇಡಮ್ಮ... ನಂಗೆ ಭಯ."

"ನನ್ ಮಕ್ಳು ಇದ್ರೊಳಗಿದಾರೆ ಅಂದ್ರಲ್ಲ. ಹೊಟ್ಟೆ ಮುಟ್ಟಿ ನೋಡಿ. ತಲೆಯಿಂದ ಬಾಲದವರೆಗೂ ಮುಟ್ಟಿ. ಎಲ್ಲಿದಾರೆ ತೋರ್ಸಿ ನಂಗೆ. ನಾನೂ ಹುಡುಕ್ತಾ ಇದೀನಿ."

ಮುದುಕಿ ಒಂದು ಬೆರಳು ಚಾಚಿದಳು. ಹಸಿದ ಹಾವು, ಬೆನ್ನುಮೂಳೆ ಎದ್ದು ಕಾಣುತ್ತಿತ್ತು. ಬೆರಳು ಹಾವಿನ ಮೇಲೆ ಸ್ವಲ್ಪ ದೂರ ಹೋಗಿ ನಿಂತಿತು. ಬು ಮರ್ತೋ ಅದನ್ನು ಹಿಂದಕ್ಕೆ ಎಳೆದುಕೊಂಡಳು.

"ತಪ್ಪಾಯ್ತು ಕಣೇ. ಬಿಟ್ಬಿಡು."

"ನಂಗ್ ಹೇಳ್ಬೇಡಿ. ನೀವು ನಂಗ್ ಹೇಳೇ ಇರ್ಲಿಲ್ಲ. ಯಾರ್ ಯಾರ್ ಮನೇಲಿ ಕೂತು ಹೇಳಿದ್ರೋ ಆ ಬಾಗ್ಲಿಗೆಲ್ಲ ಹೋಗಿ, ನಾನು ಹೇಳಿದ್ದು ಸುಳ್ಳು ಅಂತ ಹೇಳ್ಬನ್ನಿ. ಈಗ್ಲೇ."

ಯಾರಾದರೂ ನಡುವೆ ಬರುತ್ತಾರೆಂದು ಮುದುಕಿ ಸುತ್ತ ನೋಡಿದಳು. ಗಂಡನೂ ಬರಲಿಲ್ಲ. ಆಮೇಲೆ ನಡೆಯತೊಡಗಿದಳು. ಜನ ಎಲ್ಲ ಗಲ್ಲಿಯಲ್ಲೇ ಇದ್ದರು, ಆದರೂ ಒಬ್ಬೊಬ್ಬರೇ ಹೋಗಿ ತಮ್ಮ ತಮ್ಮ ಹೊಸ್ತಿಲಲ್ಲಿ ನಿಂತರು. ಅವಳು ಪ್ರತಿ ಬಾಗಿಲಲ್ಲೂ ನಿಂತು ತಲೆ ತಗ್ಗಿಸಿ, ನಾನು ಹೇಳಿದ್ದು ಸುಳ್ಳು, ಆ ಹುಡುಗಿ ಯಾವ ತಪ್ಪೂ ಮಾಡಿಲ್ಲ ಎಂದಳು. ಕೆಲವರು ಒಳಗೆ ಓಡಿಹೋಗಿ ಬಾಗಿಲು ಹಾಕಿಕೊಂಡರು. ಕೇಳಿಸಿಕೊಳ್ಳಲು ಅವರಿಗೂ ನಾಚಿಕೆ. ಅಲ್ಲೂ ಅವಳು ಮುಚ್ಚಿದ ಬಾಗಿಲಿಗೇ ಹೇಳಿ ಮುಂದೆ ಹೋದಳು.

ಸುರ್ತಿಯಾ ಗಲ್ಲಿಯ ನಡುವೆ ನಿಂತೇ ಇದ್ದಳು. ಬಿಸಿಲು ಇಳಿಯುತ್ತಿತ್ತು. ಹಾವು ಅವಳ ಮೊಣಕೈಗೆ ಸುತ್ತಿಕೊಂಡಿತ್ತು, ಮೇಣ ಬರೆಯುವಾಗ ಎಂದೂ ಅಲುಗದ ಆ ತೋಳು ಈಗ ಭಾರಕ್ಕೆ ಅದುರುತ್ತಿತ್ತು. ನಾನು ಹತ್ತಿರ ಹೋಗಿ, "ಸಾಕು ಬಾರೇ, ಹೊಟ್ಟೇಲಿ ಕೂಸಿದೆ, ಕೂತ್ಕೋ ಒಳಗೆ," ಎಂದೆ.

ಅವಳು ನನ್ನ ಕಡೆ ತಿರುಗಲಿಲ್ಲ.

"ಆ ಕೊನೇ ಮನೆ ಇನ್ನೂ ಬಾಕಿ ಇದೆ ಅಕ್ಕಾ," ಎಂದಳು.