ಸಾಂತಾಕ್ರೂಜ್ ದಾಟಿಸಿದ ಕಾದಂಬರಿ

ಲೋಕಲ್ ಗಾಡಿಯಲ್ಲಿ ನನ್ನ ಕಾದಂಬರಿ ಓದುತ್ತ ಕೂತ ಗೃಹಸ್ಥರೊಬ್ಬರು ಸಾಂತಾಕ್ರೂಜ್‌ನಲ್ಲಿ ಇಳಿಯುವುದನ್ನು ಮರೆತು ಬೊರಿವಲಿ ತಲುಪಿ, ಗಾಡಿ ಅಲ್ಲಿಂದ ತಿರುಗಿದ್ದೂ ಗೊತ್ತಾಗದೆ ಅದೇ ಸೀಟಿನಲ್ಲಿ ದಾದರ್ ತನಕ ವಾಪಸು ಬಂದರು. ಇಂಥ ಕಾದಂಬರಿ ಬರೆದ ಇನ್ನೊಬ್ಬ ಕನ್ನಡಿಗನನ್ನು ಮುಂಬಯಿಯಲ್ಲಿ ತೋರಿಸಿ, ನಾನು ಮೀಸೆ ಬೋಳಿಸುತ್ತೇನೆ. ಈ ಸಂಗತಿಯನ್ನು ಪರೇಲ್‌ನಲ್ಲಿ ಹೇಳುವಾಗ ಅವರು ಬೊರಿವಲಿಗಷ್ಟೇ ಹೋಗಿದ್ದರು. ಬಾಂದ್ರಾದಲ್ಲಿ ಹೇಳುವಾಗ ವಿರಾರ್ ಮುಟ್ಟಿದರು. ರಜೆಯಲ್ಲಿ ಗದಗಿಗೆ ಹೋದಾಗಲಂತೂ ಸೂರತ್ ದಾಟಿ, ಅಹಮದಾಬಾದಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರು.

ಆ ಗೃಹಸ್ಥರ ಹೆಸರು ಕಾಂತಪ್ಪ. ಕಾರ್ಕಳದ ಕಡೆಯವರು. ಚರ್ಚ್‌ಗೇಟ್ ಸ್ಟೇಶನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುತ್ತ, ರಾತ್ರಿ ಶಾಲೆಯಲ್ಲಿ ಓದುತ್ತ, ಕೊನೆಗೆ ಅದೇ ಹೋಟೆಲಿನ ಕ್ಯಾಶಿನಲ್ಲಿ ಕೂತವರು. ಗಿರಾಕಿ ಕನ್ನಡದವನೆಂದು ಗೊತ್ತಾದರೆ ಚಿಲ್ಲರೆಯ ಜೊತೆಗೆ ಒಂದು ಪುಸ್ತಕದ ಹೆಸರನ್ನೂ ಕೊಡುತ್ತಿದ್ದರು. ಬೆಳಕು ಹರಿಯುವ ಮೊದಲು ಹೋಟೆಲಿಗೆ ಬಂದವರು ಮಧ್ಯಾಹ್ನ ಇಳಿದ ಮೇಲೆ ಬೊರಿವಲಿ ಲೋಕಲ್ ಹಿಡಿದು ಸಾಂತಾಕ್ರೂಜ್‌ನ ಚಾಳಿನ ಮನೆಗೆ ಮರಳುವುದು. ಗಾಡಿ ಚರ್ಚ್‌ಗೇಟಿನಲ್ಲೇ ಹುಟ್ಟುವುದರಿಂದ ಕಿಟಕಿ ಸೀಟು ಖಾತ್ರಿ. ಆ ಸೀಟಿಗೆ ಅವರ ಬೆನ್ನಿನ ಆಕಾರವೇ ಬಂದುಬಿಟ್ಟಿತ್ತು. ಬೇರೆ ಯಾರು ಕೂತರೂ ಗಾಡಿಯ ಡಬ್ಬಿ ಒಂದು ಕಡೆ ವಾಲುತ್ತಿತ್ತು. ಕಾಂತಪ್ಪನವರು ಪುಸ್ತಕ ಓದುತ್ತಿದ್ದದ್ದು ಅಲ್ಲಿ.

ಆಗ, ಅಂದರೆ ಎಪ್ಪತ್ತೆರಡು ಎಪ್ಪತ್ಮೂರರ ಹೊತ್ತಿಗೆ, ನಮ್ಮ ಕನ್ನಡ ಸಂಘದಲ್ಲಿ ಮಾಯಾ ಕಾದಂಬರಿಯ ಸಾಂಕ್ರಾಮಿಕ ಹರಡಿತ್ತು. ಬ್ಯಾಂಕಿನವರು, ಪೋಸ್ಟಿನವರು, ನನ್ನಂಥ ಮಿಲ್ಲಿನಲ್ಲಿ ಹಾಜರಿ ಬರೆಯುವ ಟೈಮ್ ಆಫೀಸಿನವರು ಎಲ್ಲರೂ ರಾಕ್ಷಸರನ್ನು ಸಾಕಿದ್ದೆವು. ಪರೇಲ್‌ನಲ್ಲಿ ಕಲ್ಲೆಸೆದರೆ ಒಬ್ಬ ಮಾಂತ್ರಿಕನಿಗೆ ತಾಗುತ್ತಿತ್ತು. ಇವರಲ್ಲಿ ಯಾರನ್ನು ಓದಬೇಕು, ಯಾರನ್ನು ಬಿಡಬೇಕು ಎಂದು ಹೇಳಲು ಸಂಘದ ಮಾಸಪತ್ರಿಕೆ ಕಾಂತಪ್ಪನವರಿಗೆ ಅರ್ಧ ಪುಟ ಕೊಟ್ಟಿತ್ತು. ಅದರ ತಲೆಬರಹ ‘ಯಾವ ಸ್ಟೇಶನ್?’

ಅವರ ಲೆಕ್ಕ ಸರಳ. ಚರ್ಚ್‌ಗೇಟಿನಲ್ಲಿ ಪುಸ್ತಕ ಬಿಚ್ಚಿ, ಯಾವ ಸ್ಟೇಶನ್‌ನಲ್ಲಿ ಮೊದಲ ಸಲ ತಲೆಯೆತ್ತಿ ಹೊರಗೆ ನೋಡಿದರೋ ಅದೇ ಆ ಪುಸ್ತಕದ ದರ್ಜೆ. ದೂರ ಹೋದಷ್ಟೂ ದರ್ಜೆ ಮೇಲೆ. ದಾದರ್ ಎಂದರೆ ಓದಬಹುದು, ಬಾಂದ್ರಾ ಎಂದರೆ ಓದಲೇಬೇಕು. ಸಂಘದವರು, ಸ್ನೇಹಿತರು ಎಂಬ ದಾಕ್ಷಿಣ್ಯ ಇಲ್ಲ. ನಮ್ಮ ಶೇಖರ ಮಾತಾಡುವ ಆಮೆಯ ಮೇಲೆ ಕಾದಂಬರಿ ಬರೆದಾಗ ಬಂದ ವಿಮರ್ಶೆ ಎರಡೇ ಸಾಲು: ‘ಚರ್ನಿ ರೋಡ್. ಆಮೆ ಮಾತಾಡಲಿ, ಆದರೆ ಇಷ್ಟು ಮಾತಾಡಬಾರದು.’ ಚರ್ನಿ ರೋಡ್ ಎಂದರೆ ಹೊರಟಲ್ಲಿಂದ ಎರಡನೆಯದೇ ಸ್ಟೇಶನ್. ಶೇಖರ ಕಾಂತಪ್ಪನವರ ಹೋಟೆಲಿಗೆ ಹೋಗುವುದನ್ನು ಬಿಟ್ಟ. ದೋಸೆಯ ವಾಸನೆಗೆ ಸೋತು ಮತ್ತೆ ಹೋದ, ಆದರೆ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದ.

ಒಂದು ಮಾತನ್ನು ಕಾಂತಪ್ಪ ಎಲ್ಲರೆದುರು ಹೇಳಿದ್ದರು. “ಓದದ ಪುಸ್ತಕದ ಬಗ್ಗೆ ನಾನು ಒಂದು ಅಕ್ಷರ ಬರೆದದ್ದು ಸಿಕ್ಕಿದ್ರೆ, ಆ ದಿನವೇ ಬರೆಯುವುದನ್ನು ನಿಲ್ಲಿಸ್ತೇನೆ.” ಲೈನಿನುದ್ದಕ್ಕೂ ಕನ್ನಡದವರು ಅವರನ್ನು ನಂಬಿದ್ದು ಈ ಮಾತಿಗಾಗಿ.

ನನ್ನ ‘ಏಳು ನೆರಳಿನ ರಾಜಕುಮಾರಿ’ಗೆ ಬಂದ ವಿಮರ್ಶೆಯನ್ನು ನಾನು ಇವತ್ತಿಗೂ ಬಾಯಿಪಾಠ ಹೇಳುತ್ತೇನೆ: ‘ಸಾಂತಾಕ್ರೂಜ್ ದಾಟಿತು. ಬೊರಿವಲಿ ದಾಟಿತು. ವಾಪಸು ದಾದರ್‌ನಲ್ಲಿ ತಲೆಯೆತ್ತಿದೆ. ರಾಕ್ಷಸನು ಮೋಡಗಳ ಹತ್ತಿರ ಹೋಗಿ, ಜರಾ ಸರಕೋ ಭಾಯ್, ಜರಾ ಸರಕೋ ಎಂದು ವಿನಯದಿಂದ ಕೇಳಿ, ರಾಜಕುಮಾರಿಗೆ ನಾಲ್ಕನೆಯ ಸೀಟು ಮಾಡಿಕೊಡುವ ಪ್ರಸಂಗ ಎಲ್ಲೂ ಓದಿರಲಿಲ್ಲ.’

ಓದಿ ನಾನು ಕುಣಿದೆ. ‘ಸ್ವಲ್ಪ ಸರಿಯಪ್ಪಾ’ ಎಂದು ಬೇಡಿ, ಮೂರು ಜನರ ಬೆಂಚಿನಲ್ಲಿ ನಾಲ್ಕನೆಯವನಾಗಿ ಅರ್ಧ ಕುಂಡೆ ಊರಿ ಬದುಕುವ ಈ ಊರಿನಲ್ಲಿ, ಅಂಥ ರಾಕ್ಷಸನನ್ನು ಯಾರು ಪ್ರೀತಿಸುವುದಿಲ್ಲ? ಎಷ್ಟು ಚೆನ್ನಾಗಿ ಬರೆದಿದ್ದೇನೆ ಎನಿಸಿತು. ಯಾವಾಗ ಬರೆದೆ ಎಂಬುದು ಮಾತ್ರ ನೆನಪಾಗಲಿಲ್ಲ. ಹೊಗಳಿಕೆ ಬಂದಾಗ ಯಾರು ಪುಟ ತಿರುವಿ ನೋಡುತ್ತಾರೆ?

ತಿರುವಿ ನೋಡಿದವಳು ಸುಂದ್ರವ್ವ. ಪರೇಲ್‌ನ ನಮ್ಮ ಚಾಳಿನವಳು, ವಿಜಾಪುರದ ಕಡೆಯ ಗಟ್ಟಿ ಗಂಟಲು. ಮಧ್ಯಾಹ್ನ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಕೂತು ಹೆಂಗಸರಿಗೆಲ್ಲ ಕಾದಂಬರಿ ಓದಿ ಹೇಳುವಾಕೆ. ಸಂಘದ ಮುಂದಿನ ಸಭೆಯಲ್ಲಿ ನನ್ನ ಪುಸ್ತಕವನ್ನು ಎತ್ತಿ ಹಿಡಿದು ನಿಂತಳು.

“ಏನ್ರಿ ಕಾಂತಪ್ಪನವರ, ಆ ಸರಕೋ ರಾಕ್ಷಸ ಎಲ್ಲಿ ಅದಾನ್ರಿ? ಹೆಂಗಸರೆಲ್ಲಾ ದಿನಾ ಕೇಳ್ತಾರ, ಇವತ್ತು ಬರ್ತಾನೇನವ್ವಾ, ಇವತ್ತು ಬರ್ತಾನೇನು ಅಂತ. ನಾಳೆ ಬರ್ತಾನ, ನಾಳೆ ಬರ್ತಾನ ಅಂತ ಓದ್ತಾ ಓದ್ತಾ ಪುಸ್ತಕನ ಮುಗೀತು. ಝಾಡಿಸಿ ನೋಡಿದ್ವಿ, ಬೀಳಲಿಲ್ಲ!”

ಸಭೆ ನಕ್ಕಿತು. ಶೇಖರ ಎಲ್ಲರಿಗಿಂತ ಜೋರಾಗಿ ನಕ್ಕ. “ಕಾಂತಪ್ಪನವರು ಓದದೆ ಬರೆದಿದ್ದಾರೆ, ಅಷ್ಟೇ,” ಎಂದ.

ಕಾಂತಪ್ಪನವರ ಮುಖ ಹಳಸಿದ ಸಾಂಬಾರಿನಂತಾಯಿತು. “ಇಲ್ಲ ಮಾರಾಯ್ರೆ, ಓದಿದ್ದೇನೆ. ರಾಕ್ಷಸನ ಕೈಯಲ್ಲಿ ಟಿಫಿನ್ ಡಬ್ಬಿ ಕೂಡ ಇತ್ತು,” ಎಂದರು. ಸಭೆ ಇನ್ನೂ ನಕ್ಕಿತು. ಅವರು ನನ್ನ ಕಡೆ ನೋಡಿದರು. ನಾನು ಫ್ಯಾನಿನ ಕಡೆ ನೋಡಿದೆ. “ಆ ಪುಟ ಸಿಕ್ಕುವ ತನಕ ನಾನು ಬರೆಯುವುದಿಲ್ಲ,” ಎಂದು ಹೇಳಿ ಅವರು ಛತ್ರಿ ತೆಗೆದುಕೊಂಡು ಹೊರಟೇಬಿಟ್ಟರು.

ಭಾನುವಾರ ನಾನು ಸಾಂತಾಕ್ರೂಜ್‌ಗೆ ಹೋದೆ. ಖೋಲಿಯಲ್ಲಿ ಕಾಂತಪ್ಪನವರು ನನ್ನ ಕಾದಂಬರಿಯನ್ನು ತಲೆಕೆಳಗಾಗಿ ಹಿಡಿದು ನೋಡುತ್ತಿದ್ದರು. ಪುಟ ಹಾಗಾದರೂ ಉದುರೀತೆಂದು.

“ಖರೇ ಹೇಳ್ರಿ,” ಎಂದೆ. “ಅವತ್ತು ಗಾಡಿಯೊಳಗ ನಿದ್ದಿ ಬಂದಿತ್ತೇನು?”

“ನಿದ್ದೆಯಾ? ನಿದ್ದೆ ಬಂದ್ರೆ ಓದುವುದು ಹೇಗೆ ದಾನಪ್ಪಣ್ಣ?”

ಒಳಗಿನಿಂದ ಅವರ ಹೆಂಡತಿ ಸೇವಂತಿ ಚಹಾ ತಂದರು. “ಅವತ್ತು ಮನೆಗೆ ಬರುವಾಗ ಇವರ ಕೆನ್ನೆ ಮೇಲೆ ಕಿಟಕಿಯ ಸರಳಿನ ಗುರುತು ಇತ್ತು. ಕುತ್ತಿಗೆ ಎರಡು ದಿನ ತಿರುಗ್ಲಿಲ್ಲ. ಎಣ್ಣೆ ಹಚ್ಚಿದ್ದು ನಾನು,” ಎಂದರು.

ಕಾಂತಪ್ಪ ಕೆನ್ನೆ ಮುಟ್ಟಿ ನೋಡಿಕೊಂಡರು. “ಹೌದು, ಗುರುತು ಇತ್ತು. ಆದ್ರೆ ಓದಿದ್ದೂ ಹೌದಲ್ವಾ? ರಾಜಕುಮಾರಿ ಬಾವಿಗೆ ಇಳಿದದ್ದು?”

“ಅದು ನಾನು ಬರೆದದ್ದು.”

“ಗಿಳಿ ಅವಳಿಗೆ ಮಾಟುಂಗಾ ಸ್ಟೇಶನ್ನಿನ ದಾರಿ ಹೇಳಿದ್ದು?”

“ಅದು ನಾನು ಬರೆದದ್ದಲ್ಲ.”

“ಹಾಗಾದ್ರೆ ಅದನ್ನು ಬರೆದದ್ದು ಯಾರು?” ಎಂದು ಅವರು ಗಂಭೀರವಾಗಿ ಕೇಳಿದರು. ನನಗೂ ತಲೆ ಕೆಟ್ಟಿತು. ಬಾವಿಯ ತನಕ ಓದಿದ್ದಾರೆಂದರೆ ಇಪ್ಪತ್ತು ಪುಟ. ಅಲ್ಲಿಂದ ಮುಂದೆ ಬೊರಿವಲಿಗೆ ಹೋಗಿ ಬಂದದ್ದು ನನ್ನ ಕಾದಂಬರಿಯಲ್ಲಿಯೋ, ಅವರ ನಿದ್ದೆಯಲ್ಲಿಯೋ? ಅವರ ನಿದ್ದೆಯಲ್ಲಿ ನನ್ನ ರಾಜಕುಮಾರಿ ಇದ್ದಳಲ್ಲ, ಹಾಗಾದರೆ ಅದರಲ್ಲಿ ನನ್ನ ಪಾಲೆಷ್ಟು? ಚಹಾ ಆರಿತು.

“ಇನ್ನು ಬರೆಯುವುದು ಬೇಡ,” ಎಂದರು ಅವರು. “ಓದಿದ್ದು ಯಾವುದು, ಓದದ್ದು ಯಾವುದು ಅಂತ ನನಗೇ ಗೊತ್ತಾಗುವುದಿಲ್ಲ. ಜನಕ್ಕೆ ಎಂತ ಹೇಳುವುದು?” ಹೇಳುವಾಗ ಅವರ ಕೈ ಪುಸ್ತಕದ ರಟ್ಟನ್ನು ಸವರುತ್ತಿತ್ತು. ನನಗೆ ತಡೆಯಲಾಗಲಿಲ್ಲ.

ಮುಂದಿನ ಸಭೆಯಲ್ಲಿ ನಾನೇ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಸುಳ್ಳು ಹೇಳಿದೆ. “ರಾಕ್ಷಸನ ಪ್ರಸಂಗ ಪ್ರೆಸ್ಸಿನವರ ಕೈತಪ್ಪಿನಿಂದ ಬಿಟ್ಟುಹೋಗಿದೆ. ಕಾಂತಪ್ಪನವರಿಗೆ ಹೋದ ಪ್ರತಿಯಲ್ಲಿ ಮಾತ್ರ ಅದು ಇತ್ತು. ಬೇರೆ ಅಚ್ಚು ಹಾಕಿಸಿ ಎಲ್ಲರಿಗೂ ಹಂಚುತ್ತೇನೆ.”

“ಮತ್ತ ಅವರ ಪ್ರತಿಯೊಳಗ ಈಗ ಯಾಕಿಲ್ಲ?” ಎಂದಳು ಸುಂದ್ರವ್ವ.

“ಆ ಪುಟ ಉದುರಿ ಹೋಗ್ಯಾವ. ಬೊರಿವಲಿ ತನಕ ಹೋಗಿ ಬಂದ ಪುಸ್ತಕ ಅದು, ತಂಗಿ!”

ಕಾಂತಪ್ಪನವರ ಮುಖ ಅರಳಿತು. ಅವರು ನನ್ನ ಸುಳ್ಳನ್ನು ನಂಬಿದರೋ, ನಂಬಿದಂತೆ ಮಾಡಿದರೋ, ಇವತ್ತಿನ ತನಕ ನನಗೆ ಗೊತ್ತಿಲ್ಲ.

ಬರೆಯಲು ಕೂತೆ. ನಾನು ಒಂದು ರಾತ್ರಿಗೆ ಮೂರು ರಾಜ್ಯ ಕಟ್ಟಿ ಎರಡನ್ನು ಸುಡುವ ಲೇಖಕ. ಈ ಒಬ್ಬ ರಾಕ್ಷಸ ನನ್ನ ಬೆವರಿಳಿಸಿಬಿಟ್ಟ. ‘ಜರಾ ಸರಕೋ’ ಎಂಬ ಎರಡು ಮಾತಿನ ಮೊದಲು ನಾಲ್ಕು ಪುಟ ವರ್ಣನೆ ಹಾಕಿದೆ. ಮೋಡಗಳಿಗೆ ವಂಶಾವಳಿ ಕೊಟ್ಟೆ. ಟಿಫಿನ್ ಡಬ್ಬಿಗೊಂದು ಶಾಪ ಸೇರಿಸಿದೆ. ಚಿಕ್ಕ ಹೊತ್ತಗೆ ಅಚ್ಚಾಗಿ ಬಂತು. ಮೊದಲ ಪ್ರತಿ ಕಾಂತಪ್ಪನವರಿಗೆ. ಅವರು ಓದಿ ಹೌದೆಂದ ಮೇಲೆ ಉಳಿದವರಿಗೆ ಎಂದು ಸಂಘದಲ್ಲಿ ತೀರ್ಮಾನ.

ಪ್ರತಿ ಅವರ ಕೈಸೇರಿದ ದಿನ ನಾನೂ ಅವರ ಲೋಕಲ್ ಹತ್ತಿ ಎದುರು ಬೆಂಚಿನಲ್ಲೇ ಕೂತೆ. ಗಾಡಿ ಬಿಟ್ಟಿತು. ಕಾಂತಪ್ಪನವರು ಹೊತ್ತಗೆ ಬಿಚ್ಚಿದರು. ನನ್ನ ಎದೆಬಡಿತಕ್ಕೆ ಡಬ್ಬಿಯ ಕಿಟಕಿಗಳು ಗಡಗಡ ಎನ್ನುತ್ತಿದ್ದವು.

ಮರೀನ್ ಲೈನ್ಸ್ ಬಂತು. ಅವರು ತಲೆಯೆತ್ತಿ ಸಮುದ್ರ ನೋಡಿದರು.

ಮರೀನ್ ಲೈನ್ಸ್! ಚರ್ಚ್‌ಗೇಟಿನ ನಂತರದ ಮೊದಲ ಸ್ಟೇಶನ್! ಶೇಖರನ ಆಮೆ ಕೂಡ ಚರ್ನಿ ರೋಡ್ ತನಕ ನಡೆದಿತ್ತು. ಮೀಸೆಯ ಮೇಲೆ ಕೈ ಹೋಯಿತು.

ಆದರೂ ಅವರು ಬಿಡದೆ ಕೊನೆಯ ಸಾಲಿನ ತನಕ ಓದಿದರು. ಕಣ್ಣು ಒಂದು ಸಲವೂ ಮುಚ್ಚಲಿಲ್ಲ. ಸಾಂತಾಕ್ರೂಜ್ ಬಂದಾಗ ಸರಿಯಾಗಿ ಎದ್ದು, ಜನರ ನಡುವೆ ನುಗ್ಗಿ ಇಳಿದರು. ನಾನೂ ಹಿಂದೆಯೇ ಇಳಿದು ಅವರ ತೋಳು ಹಿಡಿದೆ.

“ಕಾಂತಪ್ಪನವರ, ಅದು ಇದ ಹೌದಲ್ರಿ? ಸಂಘಕ್ಕ ಹೌದಂತ ಹೇಳ್ತೀರಲ್ಲ? ಮತ್ತ ಬರೀತೀರಲ್ಲ?”

“ಹೌದು ಅಂತ ಹೇಳ್ತೇನೆ. ಬರೀತೇನೆ ಕೂಡ,” ಎಂದರು ಕಾಂತಪ್ಪ. ಹೊತ್ತಗೆಯನ್ನು ಜೋಪಾನವಾಗಿ ಮಡಚಿ ಛತ್ರಿಯ ಜೊತೆ ಕಂಕುಳಿಗೆ ಸೇರಿಸಿಕೊಂಡರು. “ಆದ್ರೆ ದಾನಪ್ಪಣ್ಣ, ನೀವು ಆ ಪ್ರೆಸ್ಸಿನವರನ್ನು ಸುಮ್ಮನೆ ಬೈದಿರಿ. ಇದನ್ನು ಅವರು ಬಿಟ್ಟದ್ದು ಸರಿಯೇ ಇತ್ತು ಮಾರಾಯ್ರೆ.”