ಊಟದ ಕೋಣೆಯ ಬಾಗಿಲು

ಸಂಡೂರು ತಾಲ್ಲೂಕಿನ ವಡ್ಡು ಹತ್ತಿರದ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಕಚೇರಿಯ ಆಡಳಿತ ನೋಡಿಕೊಳ್ಳುತ್ತಿದ್ದೆ. ದಿನಾ ಹೊಸಪೇಟೆಯಿಂದ ಬಸ್ಸಿನಲ್ಲಿ ಹೋಗಿಬರುವುದು. ಕೀಲಿಗಳು ಪದೇ ಪದೇ ಕಳೆಯುತ್ತಿದ್ದುದರಿಂದ ಬಾಗಿಲುಗಳಿಗೆ ಎಲೆಕ್ಟ್ರಾನಿಕ್ ಬೀಗ ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು. ಬೆರಳು ಒತ್ತುವ ಯಂತ್ರವೋ, ಕಾರ್ಡೋ ಎಂದು ಎರಡು ವಾರ ತಲೆ ಕೆಡಿಸಿಕೊಂಡೆ. ಅದಿರಿನ ಧೂಳು ಮೆತ್ತಿದ ಬೆರಳುಗಳನ್ನು ಯಂತ್ರ ಗುರುತಿಸಲಿಲ್ಲ, ಕಾರ್ಡೇ ಆಯಿತು. ಕರೆಂಟು ಹೋದರೂ ಒಳಗಿದ್ದವರು ಹೊರಗೆ ಬರುವಂತಿರಬೇಕು ಎಂದೆಲ್ಲ ಜಾಗ್ರತೆಯಿಂದ ಕೇಳಿದೆ. ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಕೊನೆಯ ದಿನ ಯಂತ್ರ ಕೂಡಿಸಲು ಬಂದವನು ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು, ಯಾರ ಕಾರ್ಡಿಗೆ ಯಾವ ಬಾಗಿಲು ಎಂದು ಒಂದೊಂದಾಗಿ ಕೇಳಿದ. ಕಸ ಗುಡಿಸುವ ಅಕ್ಕನ ಹೆಸರು ಬಂತು. ಊಟದ ಕೋಣೆಗೆ ಬೆಳಿಗ್ಗೆ ಎಂಟರಿಂದ ಒಂಬತ್ತು ಸಾಕು, ಗುಡಿಸುವುದಕ್ಕೆ ತಾನೆ, ಎಂದೆ. ಆರು ವರ್ಷದಿಂದ ಆಕೆ ಅದೇ ಕೋಣೆಯಲ್ಲಿ ನಮ್ಮ ಜೊತೆ ಬುತ್ತಿ ಬಿಚ್ಚುತ್ತಿದ್ದಳು, ಅಲ್ಲಿಯ ಫಿಲ್ಟರಿನಲ್ಲೇ ನೀರು ಹಿಡಿಯುತ್ತಿದ್ದಳು. ಮರೆತಿದ್ದೆ ಎಂದು ಹೇಳಲಾರೆ. ಹಿಂದಿನ ವಾರವಷ್ಟೇ ಹಿರಿಯ ಸಹೋದ್ಯೋಗಿಯೊಬ್ಬರು ಆಕೆಯ ಕೇರಿಯ ಹೆಸರೆತ್ತಿ, ಎಲ್ಲರೂ ಒಂದೇ ಕಡೆ ಉಣ್ಣಬೇಕೇ ಎಂದು ಗೊಣಗಿದ್ದರು. ನಾನು ತಲೆ ತಗ್ಗಿಸಿ ಊಟ ಮುಗಿಸಿದ್ದೆ.

ಬೀಗ ಹಾಕಿದ ಮೇಲೆ ಆಕೆ ಊಟಕ್ಕೆ ಕಾಣದಿದ್ದುದನ್ನು ಗಮನಿಸಿಯೂ ನಾನು ಕೇಳಿರಲಿಲ್ಲ. ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಆಕೆ ಸೈಕಲ್ ಸ್ಟ್ಯಾಂಡಿನ ತಗಡಿನ ಕೆಳಗೆ ಕೂತು ರೊಟ್ಟಿ ತಿನ್ನುತ್ತಿದ್ದುದನ್ನು ಕಂಡೆ. ಬಾಟಲಿಯಲ್ಲಿ ಗಿಡಗಳಿಗೆ ಬಿಡುವ ನಳದ ನೀರಿತ್ತು.

“ಇಲ್ಯಾಕ ಕುಂತೀರಿ, ಅಕ್ಕಾ?”

“ಕಾರ್ಡ್ ಹಿಡಿದ್ರ ಕೆಂಪು ದೀಪ ಬರ್ತೈತ್ರಿ, ಸಾರ್. ಎಲ್ಲಾರ ಮುಂದ ಮೂರು ಸಲ ಹಿಡಿದೆ. ಆಮ್ಯಾಲ ಬ್ಯಾಡ ಅನ್ಸ್ತು.”

“ಮಷೀನಿಂದು ಏನೋ ತಪ್ಪಾಗೇತಿ,” ಎಂದೆ.

ಆಕೆ ಒಂದು ಗಳಿಗೆ ನನ್ನ ಮುಖ ನೋಡಿದಳು. “ಹಂಗ ಇರಬೇಕ್ರಿ,” ಎಂದು ರೊಟ್ಟಿ ಮುರಿದಳು.

ಅವತ್ತೇ ಸರಿಮಾಡಿಸಿದೆ. ಎರಡು ನಿಮಿಷದ ಕೆಲಸ. ಮರುದಿನ ನಾನೇ ಆಕೆಯನ್ನು ಕರೆದೊಯ್ದು ಕಾರ್ಡ್ ಹಿಡಿಯಲು ಹೇಳಿದೆ. ಬಾಗಿಲು ತೆರೆಯಿತು. ಆಕೆ ಬಾಟಲಿ ತುಂಬಿಸಿಕೊಂಡು ಮತ್ತೆ ಹೊರಗೆ ನಡೆದಳು. ಬುತ್ತಿಯನ್ನು ಆ ಕೋಣೆಗೆ ಮತ್ತೆಂದೂ ತರಲಿಲ್ಲ.

ನಾನು ಅಲ್ಲಿಯ ಕೆಲಸ ಬಿಟ್ಟು ಎರಡು ವರ್ಷವಾಯಿತು. ತಪ್ಪು ಯಂತ್ರದ್ದಲ್ಲ, ನನ್ನದು ಎಂದು ಹೇಳಲು ಅಲ್ಲಿದ್ದಾಗ ಎಷ್ಟೋ ಸಲ ಆಕೆಯ ಬಳಿ ಹೋಗಿದ್ದೆ. ಹೋದಾಗಲೆಲ್ಲ ಬೇರೇನೋ ಕೆಲಸ ಹೇಳಿ ವಾಪಸು ಬಂದೆ.