ಮಣೆ ಹಾಕಿ ಕೂರಿಸಿದ ಅಜ್ಜಿ

ಮೂರು ವರ್ಷದ ಹಿಂದಿನ ವರಮಹಾಲಕ್ಷ್ಮಿ ಹಬ್ಬ. ಯಲಹಂಕ ನ್ಯೂಟೌನಿನ ಈ ಬಾಡಿಗೆ ಮನೆಗೆ ನಾವು ಬಂದು ಆಗಿನ್ನೂ ವರ್ಷವಾಗಿರಲಿಲ್ಲ. ಅಟ್ಟೂರಿನಿಂದ ಕೆಲಸಕ್ಕೆ ಬರುತ್ತಿದ್ದ ರತ್ನಮ್ಮ ಬೆಳಗಿನಿಂದ ಬೆಳ್ಳಿ ಪಾತ್ರೆ ಬೆಳಗಿ, ನೆಲ ಒರೆಸಿ, ಒಬ್ಬಟ್ಟಿಗೆ ಹೂರಣವನ್ನೂ ರುಬ್ಬಿದ್ದಳು. ಅವಳ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮೂರು ಗಂಟೆಗೆ ಡಬ್ಬಿಗೆ ನಾಲ್ಕು ಒಬ್ಬಟ್ಟು ಹಾಕಿಕೊಟ್ಟು, "ಇನ್ನು ನೀನು ಹೊರಡು ರತ್ನಮ್ಮ, ಮುತ್ತೈದೆಯರು ಬರೋ ಹೊತ್ತಾಯ್ತು" ಎಂದೆ. ಅವಳು ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟಳು.

ಸಂಜೆ ಅರಿಶಿನ ಕುಂಕುಮಕ್ಕೆ ಬಂದವರ ಜೊತೆ ಒಬ್ಬ ಅಜ್ಜಿ ಬಂದರು. ಬಿಳಿ ತುರುಬು, ಮೈಸೂರು ರೇಷ್ಮೆ ಸೀರೆ, ತುಂಬು ನಗು. ಕೆಳಗಿನ ಮನೆಯ ಸುಮಾಳ ಕಡೆಯವರೆಂದು ನಾನು ಅಂದುಕೊಂಡೆ. ನಮ್ಮ ಕಡೆಯವರೆಂದು ಸುಮಾ ಅಂದುಕೊಂಡಿದ್ದಳೆಂದು ಎಷ್ಟೋ ದಿನದ ಮೇಲೆ ಗೊತ್ತಾಯಿತು. ಹಬ್ಬದ ದಿನ ಹೊಸ್ತಿಲು ದಾಟಿದ ಮುತ್ತೈದೆಯನ್ನು ನೀವ್ಯಾರು ಎಂದು ಕೇಳುವುದುಂಟೇ? ಮಣೆ ಹಾಕಿದೆ, ರವಿಕೆ ಕಣ ಕೊಟ್ಟೆ, ಕಾಲಿಗೂ ಬಿದ್ದೆ. "ನೂರ್ ಕಾಲ ಚೆನ್ನಾಗಿರಮ್ಮ. ಒಂದ್ ಲೋಟ ನೀರು ಕೊಡ್ತೀಯಾ?" ಎಂದರು. ಅಡುಗೆಮನೆಗೆ ಹೋಗಿ ತಂದುಕೊಟ್ಟೆ.

ಮರುದಿನ ಬೆಳಿಗ್ಗೆ ಕಳಶ ಕದಲಿಸುವಾಗ ನೋಡಿದರೆ, ದೇವಿಯ ಪಕ್ಕ ಇಟ್ಟಿದ್ದ ಬೆಳ್ಳಿ ಆನೆ ಇಲ್ಲ. ನನ್ನ ತವರಿನದು, ಹಿಡಿಯಷ್ಟು ಗಾತ್ರದ್ದು. ಅಷ್ಟರಲ್ಲಿ ರತ್ನಮ್ಮ ಬಂದಳು. ನನ್ನ ಬುದ್ಧಿಗೆ ಏನು ಮಂಕು ಕವಿದಿತ್ತೋ, ಸುಮಾಳ ಎದುರಿಗೇ, "ತಗೊಂಡಿದ್ರೆ ಕೊಟ್ಬಿಡು, ಏನೂ ಅನ್ನಲ್ಲ" ಎಂದುಬಿಟ್ಟೆ.

ಅವಳು ಕೈಚೀಲವನ್ನು ನೆಲಕ್ಕೆ ಸುರಿದಳು: ನನ್ನದೇ ಡಬ್ಬಿ, ಒಂದು ಬಾಚಣಿಗೆ, ಬಸ್ ಪಾಸು. ಸೆರಗಿನ ಗಂಟನ್ನೂ ಬಿಚ್ಚಿ ತೋರಿಸಿದಳು. ಡಬ್ಬಿ ಅಲ್ಲೇ ಬಿಟ್ಟು ಹೋದಳು. ಮಾತು ಬೀದಿಯಲ್ಲಿ ಹರಡಿ, ಅವಳು ಹೋಗುತ್ತಿದ್ದ ಇನ್ನೆರಡು ಮನೆಯವರೂ ಅವಳನ್ನು ಕೆಲಸದಿಂದ ಬಿಡಿಸಿದರು. ನನಗೇನೂ ಅನ್ನಿಸಲಿಲ್ಲ. ಕಳ್ಳಿ ತೊಲಗಿದಳು ಎಂದುಕೊಂಡೆ.

ಒಂದು ತಿಂಗಳು ಕಳೆದಿರಬೇಕು. ಭಾನುವಾರ ಮಗಳು ಟಿವಿಯಲ್ಲಿ ಯಾವುದೋ ಬ್ರಿಟಿಷ್ ಹಾಸ್ಯ ಸಿನಿಮಾ ಹಾಕಿದಳು. ಉಣ್ಣೆ ಸ್ವೆಟರಿನ ಒಬ್ಬ ಅಜ್ಜಿ ಗುರುತಿಲ್ಲದವರ ಮದುವೆಗಳಿಗೆ ಹೋಗಿ, ವಧೂವರರನ್ನು ಹರಸಿ, ಉಡುಗೊರೆ ಕದ್ದು ತರುತ್ತಾಳೆ. ಹಿಡಿಯಲು ಬಂದ ಪೊಲೀಸರೇ ಅವಳಿಗೆ ಕುರ್ಚಿ ಹಾಕುತ್ತಾರೆ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

"ಅಮ್ಮಾ, ನಮ್ಮನೆ ಹಬ್ಬಕ್ಕೆ ಬಂದಿದ್ರಲ್ಲ, ಆ ಅಜ್ಜಿ ಥರಾನೇ ಇದಾರೆ ಅಲ್ವಾ" ಎಂದಳು ಮಗಳು.

ನನ್ನ ನಗು ಅಲ್ಲೇ ನಿಂತಿತು. ಅವಳ ಮೊಬೈಲಿನಲ್ಲಿ ಹಬ್ಬದ ಫೋಟೋಗಳಿದ್ದವು. ಅಜ್ಜಿ ಮಣೆಯ ಮೇಲೆ ಕುಳಿತ ಫೋಟೋದಲ್ಲಿ ಆನೆ ಇತ್ತು. ಹತ್ತು ನಿಮಿಷದ ನಂತರ ತೆಗೆದ ಸುಮಾಳ ಫೋಟೋದಲ್ಲಿ ಇರಲಿಲ್ಲ. ಆ ಫೋಟೋ ತೆಗೆದಾಗ ಗಂಟೆ ಸಂಜೆ ಆರೂವರೆ.

ಮರುದಿನವೇ ಅಟ್ಟೂರಿಗೆ ಹೋದೆ. ರತ್ನಮ್ಮ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ತಪ್ಪಾಯಿತು, ಕೆಲಸಕ್ಕೆ ಬಾ ಎಂದೆ.

"ಮುತ್ತೈದೇರು ಬರೋ ಒತ್ತಾಯ್ತು ಒರಡು ಅಂತ ಮೂರ್ ಗಂಟೆಗೇ ಕಳ್ಸಿದ್ದು ನೀವೇ ಅಲ್ವಾ ಅಮ್ಮಾ" ಎಂದಳು. "ಫೋಟೋ ಬೇಕಾಯ್ತಾ ನಿಮ್ಗೆ?"

ಅವಳು ಮತ್ತೆ ಬರಲಿಲ್ಲ. ಬೀದಿಯವರಿಗೆಲ್ಲ ನಿಜ ಹೇಳಿದೆ. ಕಳ್ಳತನದ ಸುದ್ದಿ ಕೇಳಲು ಬಂದಷ್ಟು ಜನ ಇದನ್ನು ಕೇಳಲು ಬರಲಿಲ್ಲ. ಆನೆಯನ್ನು ನಾನು ಮರೆತಿದ್ದೇನೆ. ಆದರೆ ಪ್ರತಿ ಹಬ್ಬದಲ್ಲೂ ಮಣೆ ಹಾಕುವಾಗ, ಸೆರಗಿನ ಗಂಟು ಬಿಚ್ಚುತ್ತಿದ್ದ ಆ ಕೈ ಕಣ್ಣಿಗೆ ಕಟ್ಟುತ್ತದೆ. ಹಿಂದಿನ ದಿನ ನನ್ನ ದೇವರ ಬೆಳ್ಳಿಯನ್ನೆಲ್ಲ ಬೆಳಗಿದ್ದೂ ಅದೇ ಕೈ.